‘ಮಳೆ ನಿಂತ ಮೇಲೆ’: ಇಂಗ್ಲಿಷಿನಲ್ಲಿ ಕಾಲ ಹೇಳುವ ಉಪವಾಕ್ಯ ಕಟ್ಟುವುದು ಹೇಗೆ?

‘ಮಳೆ ನಿಂತ ಮೇಲೆ ಹೊರಡುತ್ತೇನೆ’ ಎಂದು ನಾವು ಹೇಳುವ ಹೊತ್ತಿಗೆ ಮಳೆ ಇನ್ನೂ ಸುರಿಯುತ್ತಲೇ ಇರುತ್ತದೆ. ಆದರೂ ‘ನಿಲ್ಲುವ ಮೇಲೆ’ ಎಂದು ಯಾರೂ ಹೇಳುವುದಿಲ್ಲ. ‘ನಿಂತ’ ಎಂಬ ಭೂತಕಾಲದ ರೂಪವನ್ನೇ ಬಳಸುತ್ತೇವೆ. ಇದು ಮುಂದೆ ನಡೆಯಲಿರುವ ಸಂಗತಿ ಎಂಬುದನ್ನು ‘ಹೊರಡುತ್ತೇನೆ’ ಎಂಬ ಮುಖ್ಯ ಕ್ರಿಯಾಪದವೊಂದೇ ಹೇಳಿಬಿಡುತ್ತದೆ. ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟಾಗ ಮಾತ್ರ ನಮ್ಮಲ್ಲಿ ಅನೇಕರು ‘ಆಫ್ಟರ್ ದ ರೇನ್ ವಿಲ್ ಸ್ಟಾಪ್, ಐ ವಿಲ್ ಲೀವ್’ ಎಂದು ಎರಡು ಕಡೆಯೂ ‘ವಿಲ್’ ಸೇರಿಸುತ್ತಾರೆ. ಸರಿಯಾದ ವಾಕ್ಯ ‘ಆಫ್ಟರ್ ದ ರೇನ್ ಸ್ಟಾಪ್ಸ್, ಐ ವಿಲ್ ಲೀವ್’. ಕನ್ನಡ ಭೂತಕಾಲದ ರೂಪವನ್ನು ಆರಿಸಿಕೊಂಡಿದೆ, ಇಂಗ್ಲಿಷ್ ವರ್ತಮಾನ ಕಾಲದ ರೂಪವನ್ನು. ಆದರೆ ಭವಿಷ್ಯತ್ತನ್ನು ಸೂಚಿಸುವ ಹೊಣೆಯನ್ನು ಎರಡು ಭಾಷೆಗಳೂ ಪ್ರಧಾನ ವಾಕ್ಯಕ್ಕೇ ಬಿಟ್ಟಿವೆ. ಈ ಪಾಠದ ಅರ್ಧಭಾಗ ನಮಗೆ ಕನ್ನಡದಿಂದಲೇ ಗೊತ್ತಿದೆ ಎಂಬ ಧೈರ್ಯದಿಂದ ಕಲಿಕೆಯನ್ನು ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಹೆಜ್ಜೆ, ಕೊಂಡಿಯ ಪದ ಎಲ್ಲಿ ಕೂರುತ್ತದೆ ಎಂಬುದನ್ನು ಗುರುತಿಸುವುದು. ಕನ್ನಡದಲ್ಲಿ ಅದು ಉಪವಾಕ್ಯದ ಬಾಲದಲ್ಲಿರುತ್ತದೆ: ಬಂದಾಗ, ಬಂದ ಮೇಲೆ, ಬರುವ ಮೊದಲು, ಬರುವವರೆಗೆ, ಬಂದ ಕೂಡಲೇ, ಬಂದಾಗಿನಿಂದ, ಬಂದಾಗಲೆಲ್ಲ. ಇಂಗ್ಲಿಷಿನಲ್ಲಿ ಅದು ಉಪವಾಕ್ಯದ ತಲೆಯಲ್ಲಿರುತ್ತದೆ. ಮೇಲಿನ ಏಳು ರೂಪಗಳಿಗೆ ಅದೇ ಕ್ರಮದಲ್ಲಿ ವೆನ್, ಆಫ್ಟರ್, ಬಿಫೋರ್, ಅಂಟಿಲ್, ಆ್ಯಸ್ ಸೂನ್ ಆ್ಯಸ್, ಸಿನ್ಸ್, ವೆನೆವರ್ ಎಂಬ ಪದಗಳನ್ನು ಹೊಂದಿಸಿಕೊಳ್ಳಬಹುದು. ವ್ಯಾಕರಣದಲ್ಲಿ ಇವನ್ನು ಸಬಾರ್ಡಿನೇಟಿಂಗ್ ಕಂಜಂಕ್ಷನ್ ಎನ್ನುತ್ತಾರೆ. ತಾವು ನಿಂತಿರುವ ವಾಕ್ಯವನ್ನು ಇನ್ನೊಂದು ವಾಕ್ಯಕ್ಕೆ ಅಧೀನಗೊಳಿಸುವ ಪದಗಳು ಎಂದರ್ಥ. ‘ಬಸ್ಸು ಬಂದಾಗ’ ಎಂದು ಹೇಳಿ ಸುಮ್ಮನಾದರೆ ಕೇಳುವವರು ‘ಬಂದಾಗ ಏನಾಯಿತು?’ ಎನ್ನುತ್ತಾರಲ್ಲ, ‘ವೆನ್ ದ ಬಸ್ ಕೇಮ್’ ಎಂದು ಬರೆದು ಪೂರ್ಣವಿರಾಮ ಹಾಕಿದರೂ ಅದೇ ಕೊರತೆ ಉಳಿಯುತ್ತದೆ.

ಎರಡನೆಯ ಹೆಜ್ಜೆ ಕರ್ತೃಪದಕ್ಕೆ ಸಂಬಂಧಿಸಿದ್ದು. ‘ಕೆಲಸ ಮುಗಿಸಿದ ಮೇಲೆ ಮನೆಗೆ ಹೋದೆ’ ಎಂಬ ವಾಕ್ಯದಲ್ಲಿ ‘ನಾನು’ ಎಲ್ಲಿಯೂ ಇಲ್ಲ, ಆದರೂ ‘ಹೋದೆ’ ಎಂಬುದರಿಂದ ಅದು ತಿಳಿಯುತ್ತದೆ. ಈ ಅಭ್ಯಾಸದಿಂದಲೇ ‘ಆಫ್ಟರ್ ಫಿನಿಷ್ಡ್ ದ ವರ್ಕ್, ಐ ವೆಂಟ್ ಹೋಮ್’ ಎಂಬ ತಪ್ಪು ಹುಟ್ಟುತ್ತದೆ. ಕೊಂಡಿಯ ಪದದ ಬೆನ್ನಿಗೆ ಕರ್ತೃವನ್ನೂ ಪೂರ್ಣ ಕ್ರಿಯಾಪದವನ್ನೂ ಇಟ್ಟು ‘ಆಫ್ಟರ್ ಐ ಫಿನಿಷ್ಡ್ ದ ವರ್ಕ್, ಐ ವೆಂಟ್ ಹೋಮ್’ ಎನ್ನಬೇಕು. ಎರಡೂ ಕೆಲಸಗಳ ಕರ್ತೃ ಒಬ್ಬರೇ ಆಗಿದ್ದರೆ ‘ಆಫ್ಟರ್ ಫಿನಿಷಿಂಗ್ ದ ವರ್ಕ್’ ಎಂದೂ ಹೇಳಬಹುದು. ‘ಫಿನಿಷ್ಡ್’ ರೂಪಕ್ಕೆ ಕರ್ತೃ ಬೇಕು, ‘ಫಿನಿಷಿಂಗ್’ ರೂಪಕ್ಕೆ ಬೇಡ ಎಂದು ನೆನಪಿಟ್ಟುಕೊಂಡರೆ ಸಾಕು.

ಇನ್ನು ‘ವಿಲ್’ ವಿಚಾರ. ಎಲ್ಲರೂ ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ‘ಅವನು ಬಂದಾಗ ಹೇಳುತ್ತೇನೆ’ ಎಂಬುದಕ್ಕೆ ‘ಐ ವಿಲ್ ಟೆಲ್ ಹಿಮ್ ವೆನ್ ಹೀ ಕಮ್ಸ್’ ಸರಿ. ‘ವೆನ್ ಹೀ ವಿಲ್ ಕಮ್’ ತಪ್ಪು. ಆದರೆ ‘ಐ ಡೋಂಟ್ ನೋ ವೆನ್ ಹೀ ವಿಲ್ ಕಮ್’ ಎಂಬ ವಾಕ್ಯವೂ ಸರಿಯಾದದ್ದೇ. ಅದೇ ‘ವೆನ್’, ಅದೇ ‘ಹೀ’, ಆದರೂ ಒಂದೆಡೆ ‘ವಿಲ್’ ನಿಷಿದ್ಧ, ಇನ್ನೊಂದೆಡೆ ಸಮ್ಮತ ಎಂಬುದನ್ನು ಕಂಡು ಕಲಿಯುವವರು ಗಲಿಬಿಲಿಗೊಳ್ಳುವುದು ಸಹಜ. ಇದಕ್ಕೆ ಕನ್ನಡದಲ್ಲಿಯೇ ಒಂದು ಒರೆಗಲ್ಲು ಇದೆ. ಎರಡನೆಯ ವಾಕ್ಯದ ಅರ್ಥ ‘ಅವನು ಯಾವಾಗ ಬರುತ್ತಾನೋ ಗೊತ್ತಿಲ್ಲ’ ಎಂದು. ಅಲ್ಲಿರುವುದು ‘ಬಂದಾಗ’ ಅಲ್ಲ, ‘ಯಾವಾಗ’. ‘ವೆನ್’ ಎಂಬುದು ‘ಯಾವಾಗ’ ಎಂಬ ಪ್ರಶ್ನೆಯನ್ನು ಒಳಗಿಟ್ಟುಕೊಂಡಿದ್ದರೆ ‘ವಿಲ್’ ಬರಬಹುದು; ‘ಬಂದಾಗ’, ‘ಹೋದಾಗ’, ‘ಸಿಕ್ಕಾಗ’ ಎಂಬ ಅರ್ಥದಲ್ಲಿದ್ದರೆ ಬರಬಾರದು. ಆಫ್ಟರ್, ಬಿಫೋರ್, ಅಂಟಿಲ್, ಆ್ಯಸ್ ಸೂನ್ ಆ್ಯಸ್ ಪದಗಳಿಗೆ ಪ್ರಶ್ನೆಯ ಅರ್ಥವೇ ಇಲ್ಲವಾದ್ದರಿಂದ, ಮುಂದಿನ ಸಂಗತಿಯನ್ನು ಹೇಳುವಾಗ ಅವುಗಳ ನಂತರ ‘ವಿಲ್’ ಬಳಸುವಂತಿಲ್ಲ. ಕೆಲಸ ಸಂಪೂರ್ಣವಾಗಿ ಮುಗಿದಿರಬೇಕು ಎಂಬುದನ್ನು ಒತ್ತಿ ಹೇಳಬೇಕಾದಾಗ ‘ವೆನ್ ಐ ಹ್ಯಾವ್ ಫಿನಿಷ್ಡ್ ದ ವರ್ಕ್, ಐ ವಿಲ್ ಕಾಲ್ ಯು’ ಎನ್ನಬಹುದು. ನಮ್ಮ ‘ಮುಗಿಸಿದ ಮೇಲೆ’ ಎಂಬ ರೂಪಕ್ಕೆ ಇದು ಇನ್ನಷ್ಟು ಹತ್ತಿರವಾಗಿದೆ.

‘ಅಂಟಿಲ್’ ಬಳಸುವಾಗ ‘ನಾಟ್’ ಸೇರಿಸುವ ತಪ್ಪನ್ನು ಅಲ್ಲಲ್ಲಿ ಕೇಳುತ್ತೇವೆ. ‘ನಾನು ಬರುವ ತನಕ ಕಾಯಿರಿ’ ಎಂಬ ಮಾತಿನಲ್ಲಿ ‘ಇಲ್ಲ’ ಎಂಬ ಅರ್ಥದ ಪದ ಯಾವುದೂ ಇಲ್ಲ; ಇಂಗ್ಲಿಷಿನಲ್ಲಿಯೂ ಅದು ‘ವೇಟ್ ಅಂಟಿಲ್ ಐ ಕಮ್’ ಅಷ್ಟೇ. ‘ಅಂಟಿಲ್ ಐ ಡೋಂಟ್ ಕಮ್’ ಎಂದರೆ ತಪ್ಪಾಗುತ್ತದೆ.

‘ಸಿನ್ಸ್’ ಪದಕ್ಕೆ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಇಲ್ಲಿ ಕನ್ನಡವು ನಮ್ಮ ಕೈ ಹಿಡಿಯುವುದಿಲ್ಲ. ‘ಮೈಸೂರಿಗೆ ಬಂದಾಗಿನಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸಿದರೆ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಐ ಕೇಮ್ ಟು ಮೈಸೂರು’ ಎಂದಾಗುತ್ತದೆ. ಸಂದರ್ಶನಗಳಲ್ಲಿ, ಅರ್ಜಿಗಳಲ್ಲಿ ಇದು ತಟ್ಟನೆ ಎದ್ದು ಕಾಣುವ ತಪ್ಪು. ಹಿಂದೆ ಆರಂಭವಾಗಿ ಈಗಲೂ ಮುಂದುವರಿದಿರುವ ಕೆಲಸಕ್ಕೆ ಇಂಗ್ಲಿಷ್ ಪ್ರತ್ಯೇಕ ರೂಪವೊಂದನ್ನು ಇಟ್ಟುಕೊಂಡಿದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ ಐ ಕೇಮ್ ಟು ಮೈಸೂರು’. ಪ್ರಧಾನ ವಾಕ್ಯದಲ್ಲಿ ‘ಹ್ಯಾವ್ ಬೀನ್’, ಉಪವಾಕ್ಯದಲ್ಲಿ ‘ಕೇಮ್’ ಎಂಬ ಸರಳ ಭೂತಕಾಲ. ಈ ಜೋಡಿಯನ್ನು ನಾಲ್ಕಾರು ಬಾರಿ ಬಾಯಿಬಿಟ್ಟು ಹೇಳಿಕೊಂಡು ರೂಢಿಸಿಕೊಳ್ಳಬೇಕು. ಇದೇ ‘ಸಿನ್ಸ್’ ಪದಕ್ಕೆ ‘ಏಕೆಂದರೆ’ ಎಂಬ ಅರ್ಥವೂ ಇರುವುದರಿಂದ, ಓದುವಾಗ ಅದು ಕಾಲವನ್ನು ಹೇಳುತ್ತಿದೆಯೋ ಕಾರಣವನ್ನು ಹೇಳುತ್ತಿದೆಯೋ ಎಂದು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಒಂದು ದೀರ್ಘ ಕೆಲಸದ ನಡುವೆ ಇನ್ನೊಂದು ಘಟನೆ ನುಗ್ಗಿ ಬಂದರೆ, ದೀರ್ಘವಾದುದಕ್ಕೆ ‘ವೈಲ್’ ಸೇರಿಸಬೇಕು. ‘ಅಡುಗೆ ಮಾಡುತ್ತಿದ್ದಾಗ ಕರೆಂಟ್ ಹೋಯಿತು’ ಎಂಬುದು ‘ವೈಲ್ ಐ ವಾಸ್ ಕುಕಿಂಗ್, ದ ಪವರ್ ವೆಂಟ್ ಔಟ್’ ಎಂದಾಗುತ್ತದೆ. ಕನ್ನಡದಲ್ಲಿ ‘ಮಾಡಿದಾಗ’ ಎನ್ನದೆ ‘ಮಾಡುತ್ತಿದ್ದಾಗ’ ಎಂದು ಹೇಳಬೇಕೆನಿಸಿದರೆ ಅಲ್ಲಿ ‘ವೈಲ್’ ಹೊಂದುತ್ತದೆ ಎಂದು ತಿಳಿಯಬಹುದು. ‘ವೆನ್’ ಬಳಸಿದರೂ ತಪ್ಪಲ್ಲ.

ಉಪವಾಕ್ಯವನ್ನು ಮೊದಲಿಡಬಹುದು, ಕೊನೆಗೂ ಇಡಬಹುದು. ಮೊದಲಿಟ್ಟರೆ ಅದು ಮುಗಿದಲ್ಲಿ ಅಲ್ಪವಿರಾಮ ಹಾಕಬೇಕು. ಕೊನೆಗಿಟ್ಟರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಎಲ್ಲಿಟ್ಟರೂ ‘ವೆನ್ ಹೀ ಕೇಮ್, ದೆನ್ ಐ ಏಟ್’ ಎಂಬಂತೆ ‘ದೆನ್’ ಸೇರಿಸುವ ಅಗತ್ಯವಿಲ್ಲ, ಕೊಂಡಿ ಒಂದೇ ಸಾಕು.

‘ಬೈ ದ ಟೈಮ್’ ಎಂಬುದು ಕಷ್ಟವೆಂದು ಅನೇಕರು ಅದನ್ನು ದೂರವಿಡುತ್ತಾರೆ, ಆದರೆ ಕನ್ನಡಿಗರಿಗೆ ಅದು ಸುಲಭವಾಗಬೇಕು. ‘ನಾವು ನಿಲ್ದಾಣ ತಲುಪುವಷ್ಟರಲ್ಲಿ ರೈಲು ಹೊರಟಿತ್ತು’ ಎಂಬಲ್ಲಿನ ‘ಹೊರಟಿತ್ತು’ ಎಂಬುದೇ ‘ಹ್ಯಾಡ್ ಲೆಫ್ಟ್’: ‘ಬೈ ದ ಟೈಮ್ ವೀ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್’. ಇದನ್ನೇ ಮುಂದಿನ ಕಾಲಕ್ಕೆ ಒಯ್ದು ‘ನೀವು ತಲುಪುವಷ್ಟರಲ್ಲಿ ರೈಲು ಹೊರಟಿರುತ್ತದೆ’ ಎಂದರೆ, ‘ಹೊರಟಿರುತ್ತದೆ’ ಎಂಬುದು ‘ವಿಲ್ ಹ್ಯಾವ್ ಲೆಫ್ಟ್’ ಆಗುತ್ತದೆ. ಇಲ್ಲಿಯೂ ‘ವಿಲ್’ ಇರುವುದು ರೈಲಿನ ಕಡೆಗೆ. ತಲುಪುವವರ ಕಡೆಗೆ ಬರಿಯ ‘ರೀಚ್’: ‘ಬೈ ದ ಟೈಮ್ ಯು ರೀಚ್ ದ ಸ್ಟೇಷನ್, ದ ಟ್ರೇನ್ ವಿಲ್ ಹ್ಯಾವ್ ಲೆಫ್ಟ್’.