ಡ್ರಾಯಿಂಗ್ ಸುತ್ತಿಡಬೇಡಿ, ತೂಗುಹಾಕಿ: ಸೈಟಿನಲ್ಲಿ ನನ್ನ ಅನುಭವ

ಸೈಟಿನಲ್ಲಿ ಕಟ್ಟಡದ ಡ್ರಾಯಿಂಗ್ ಇರುವ ದೊಡ್ಡ ಎ1 ಹಾಳೆಯನ್ನು ಸುತ್ತಿಡಬಾರದು, ಮಡಚಲೂಬಾರದು. ತೂಗುಹಾಕಬೇಕು. ಇದನ್ನು ಹೇಳಿದಾಗ ಹುಬ್ಬಳ್ಳಿಯ ನನ್ನ ಕಂಟ್ರಾಕ್ಟರ್ ಗೆಳೆಯರು ಯಾರೂ ಒಪ್ಪಲಿಲ್ಲ. "ಮೊಬೈಲ್‌ನ್ಯಾಗ ಪಿಡಿಎಫ್ ಐತಲ್ರೀ, ಇದ್ಯಾಕ ಬೇಕು?" ಅಂದರು. ಈಗ ನವನಗರದ ಕಡೆ ನನ್ನ ಸ್ಟಿಲ್ಟ್ (ಕಂಬಗಳ ಮೇಲೆ ನಿಂತ ತೆರೆದ ನೆಲಮಟ್ಟ) ಪ್ಲಸ್ ನಾಲ್ಕು ಮಹಡಿಯ ಕೆಲಸ ಮುಗಿಯುತ್ತಾ ಬಂದಿದೆ. ಫುಟಿಂಗ್, ಅಂದರೆ ಅಡಿಪಾಯ ಹಾಕುವಾಗ ಕಟ್ಟಿದ ಹಾಳೆಗಳಲ್ಲಿ ಮುಕ್ಕಾಲು ಪಾಲು ಇವತ್ತಿಗೂ ಚೆನ್ನಾಗಿವೆ. ಒಂದು ಅಂಕಿಯೂ ಅಳಿಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ.

ಎಲ್ಲರಂತೆ ನಾನೂ 110 ಎಂಎಂ ಪಿವಿಸಿ ಪೈಪಿನಿಂದ ಶುರು ಮಾಡಿದೆ. ಹತ್ತು ಅಡಿ ಪೈಪಿನಲ್ಲಿ ಮೂರು ತುಂಡು ಬರುತ್ತವೆ. ಎ1ರ ಎರಡರಷ್ಟಿರುವ ಎ0 ಹಾಳೆ ಸುತ್ತಿದರೆ 33 ಇಂಚು, ಆರಾಮಾಗಿ ಕೂರುತ್ತದೆ. ಗೋಡೆಗೆ ಸಾಲಾಗಿ ಜೋಡಿಸಿದರೆ ನೋಡೋಕೂ ಚೆಂದ. ಆದರೆ ಹೊರಗೆ ತೆಗೆದ ಹಾಳೆ ನೆಟ್ಟಗೆ ನಿಲ್ಲಲ್ಲ. ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಡಬೇಕು. ಇಟ್ಟಿಗೆ ಇಟ್ಟ ಕಡೆ ಕಾಗದ ಹರಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಒಂದೇ ಪೈಪಿನಲ್ಲಿ ಹಳೇ ರಿವಿಜನ್, ಹೊಸ ರಿವಿಜನ್ (ತಿದ್ದುಪಡಿಯಾದ ಡ್ರಾಯಿಂಗ್) ಎರಡೂ ಒಂದರೊಳಗೊಂದು ಸುತ್ತಿಕೊಂಡು ಕೂತಿರುತ್ತವೆ. ಗದಗದ ಕೆಲಸದಲ್ಲಿ ಹಾಗೇ ಆಯ್ತು. ರಾಡ್ ಕತ್ತರಿಸಿ ಬಾಗಿಸುವ ಬಾರ್ ಬೆಂಡರ್ ಕೈಗೆ ಒಳಗಿನ ಹಳೇ ಹಾಳೆ ಸಿಕ್ಕಿತು. ಮೆಟ್ಟಿಲ ಬೀಮಿನ ರಾಡ್ ಸುಮಾರು ಮೂರು ಕ್ವಿಂಟಲ್ ಹಳೇ ಅಳತೆಗೆ ಕಟ್ ಆಗಿ ಬಿದ್ದಿತ್ತು. ಸ್ವಲ್ಪ ಲಿಂಟೆಲ್‌ಗೆ, ಚಜ್ಜಾಗೆ ಹೊಂದಿಸಿದೆವು. ಉಳಿದದ್ದು ಗುಜರಿಗೆ ಹೋಯ್ತು. ಹನ್ನೆರಡು ಸಾವಿರದ ಹತ್ತಿರ ನಷ್ಟ.

ಆಮೇಲೆ ಲ್ಯಾಮಿನೇಶನ್. ಎ1 ಒಂದಕ್ಕೆ ಆಗ ನೂರೈವತ್ತರ ಆಸುಪಾಸು ತೆತ್ತೆ. ಅರವತ್ತು ಚಿಲ್ಲರೆ ಹಾಳೆಗೆ ಒಂಬತ್ತು ಸಾವಿರ ದಾಟಿತು. ಬಿಸಿಲಲ್ಲಿ ಕನ್ನಡಿ ಹಿಡಿದ ಹಾಗೆ ಹೊಳೆಯುತ್ತದೆ, ಮೇಲೆ ಪೆನ್ಸಿಲ್ ಹಿಡಿಯಲ್ಲ. ಎಂಜಿನಿಯರು ಬಂದು ಎರಡು ಕಾಲಂ ಬದಲಿಸಿದರು ಅನ್ನಿ, ಒಂಬತ್ತು ಸಾವಿರದಲ್ಲಿ ಅಷ್ಟು ಭಾಗ ನೀರಿಗೆ ಹೋಯ್ತು.

ಟ್ಯಾಬ್ ಕೂಡ ತಂದೆ. ಒಂಟಿ ಡೀಟೇಲ್ ನೋಡೋಕೆ ಒಳ್ಳೆಯದು. ಆದರೆ ಗ್ರಿಡ್ (ಕಾಲಂ ಸಾಲಿನ ಗೆರೆ) ಎ ಯಿಂದ ಗ್ರಿಡ್ ಎಫ್ ತನಕ ಒಂದೇ ನೋಟಕ್ಕೆ ಸಿಗಲ್ಲ. ಝೂಮ್ ಮಾಡಿದರೆ ಎಲ್ಲಿದ್ದೀವಿ ಅನ್ನೋದೇ ಮರೆತುಹೋಗುತ್ತೆ. ಎರೆ ಮಣ್ಣಿನಲ್ಲಿ ಫುಟಿಂಗ್ ತೋಡುವಾಗ ಕೈ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಆ ಕೈಯಲ್ಲಿ ಟಚ್ ಸ್ಕ್ರೀನ್ ನಡೆಯಲ್ಲ. ಇನ್ನು ವಾಟ್ಸಾಪ್‌ನಲ್ಲಿ ಡ್ರಾಯಿಂಗಿನ ಫೋಟೋ ಕಳಿಸುವ ಚಾಳಿ ಇದೆ. ಚಿತ್ರ ಕುಗ್ಗಿ 6 ಯಾವುದು 8 ಯಾವುದು ಗೊತ್ತಾಗಲ್ಲ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಹಾಳೆಗಳ ಅಂಚನ್ನು ಕಚ್ಚಿ ಹಿಡಿದು ತೂಗುಹಾಕುವ ಕ್ಲ್ಯಾಂಪು ಸಿದ್ಧವಾಗಿ ಸಿಗುತ್ತದೆ. ಬೆಲೆ ಕೇಳಿ ಬಿಟ್ಟೆ. ನಾನೇ ಮಾಡಿಸಿದೆ.

ಮೊದಲು ಕಟ್ಟಿಗೆಯ ರೀಪರ್ (ಉದ್ದ ಪಟ್ಟಿ) ಬಳಸಿದ್ದೆ. ಎರಡು ರೀಪರ್, ಎರಡೂ ತುದಿಗೆ ಬೋಲ್ಟ್, ನಡುವೆ ಹಾಳೆಗಳ ಕಟ್ಟು. ಧಾರವಾಡದ ಜಿಟಿಜಿಟಿ ಮಳೆಗೆ ರೀಪರ್ ಉಬ್ಬಿ ಬಾಗಿತು. ಬಾಗಿದರೆ ನಡುವಿನ ಹಿಡಿತ ಸಡಿಲ, ಹಾಳೆ ಜಾರುತ್ತದೆ. ಭಾರ ಜಾಸ್ತಿ ಅಂತಲ್ಲ. ಎ0 ಹಾಳೆ ಅಂದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್. 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಕಾಗದವಾದರೆ ಒಂದು ಹಾಳೆ 80 ಗ್ರಾಂ. ಎ1 ಆದರೆ ನಲವತ್ತೇ ಗ್ರಾಂ, ಇಪ್ಪತ್ತು ಹಾಳೆ ಸೇರಿದರೂ ಒಂದು ಕಿಲೋ ಇಲ್ಲ. ಬೇಕಾದದ್ದು ಉದ್ದಕ್ಕೂ ಒಂದೇ ಸಮನಾದ ಒತ್ತು. ನಡುವೆ ಇನ್ನೊಂದು ಬೋಲ್ಟ್ ಹಾಕಿದೆ. ಕಾಗದಕ್ಕೆ ತೂತು ಬಿತ್ತು, ತೂತಿನಿಂದಲೇ ಹರಿಯಿತು.

ಕೊನೆಗೆ ಕಿಟಕಿ ಮಾಡುವವರ ಹತ್ತಿರ ಅಲ್ಯೂಮಿನಿಯಂ ಬಾಕ್ಸ್ ಸೆಕ್ಷನ್ನಿನ ಉಳಿಕೆ ತುಂಡುಗಳನ್ನು ಕಿಲೋ ಲೆಕ್ಕದಲ್ಲಿ ತಂದೆ. 25 ಎಂಎಂ ಅಗಲದ್ದು. ಒಳಮೈಗೆ ಹಳೇ ಸೈಕಲ್ ಟ್ಯೂಬ್ ಸೀಳಿ ಅಂಟಿಸಿದೆ. ತುದಿಗೆ ಕೈಯಿಂದಲೇ ಬಿಗಿಯುವ ವಿಂಗ್ ನಟ್. ಬೋಲ್ಟು ಕಾಗದದ ಹೊರಗೆ ಇರಬೇಕು. ನಡುವೆ ಒತ್ತು ಕಡಿಮೆಯಾಗದ ಹಾಗೆ ಟ್ಯೂಬನ್ನು ಅಂಟಿಸುವ ಒಂದು ಕ್ರಮ ಇದೆ. ಅದು ನನ್ನ ಹತ್ತಿರವೇ ಇರಲಿ.

ಹಿಡಿಯಬೇಕಾದ್ದು ಹಾಳೆಯ ಮೇಲಿನ ಉದ್ದ ಅಂಚು. ಎಡಗಡೆಯ ಗಿಡ್ಡ ಅಂಚಿಗೆ ಕ್ಲ್ಯಾಂಪ್ ಹಾಕಿದರೆ ಜಾಗ ಉಳಿಯುತ್ತದೆ, ಆದರೆ ಅಕ್ಷರ ಅಡ್ಡ ಆಗುತ್ತೆ. ಗೌಂಡಿ ಕತ್ತು ವಾಲಿಸಿ ಯಾಕೆ ಓದಬೇಕು? ಆರ್ಕಿಟೆಕ್ಚರಲ್, ಸ್ಟ್ರಕ್ಚರಲ್, ಪ್ಲಂಬಿಂಗ್, ಎಲೆಕ್ಟ್ರಿಕಲ್ ಬೇರೆ ಬೇರೆ ಕ್ಲ್ಯಾಂಪು. ಸ್ಟ್ರಕ್ಚರಲ್‌ಗೆ ಎರಡು. ತಗಡಿನ ಶೆಡ್ಡಿನ ಗೋಡೆಯಿಂದ ಎರಡು ಆ್ಯಂಗಲ್ ಹೊರಗೆ ಚಾಚಿವೆ, ಅವುಗಳ ಮೇಲೆ ಕ್ಲ್ಯಾಂಪುಗಳು ಕೂರುತ್ತವೆ. ಒಂದು ಕ್ಲ್ಯಾಂಪಿಗೂ ಇನ್ನೊಂದಕ್ಕೂ ನಡುವೆ ಅರ್ಧ ಅಡಿಯಾದರೂ ಬಿಡಿ. ಮಳೆಗಾಲದಲ್ಲಿ ಗಾಳಿ ಆಡದಿದ್ದರೆ ಬೂಸ್ಟು ಬರುತ್ತದೆ. ನಮ್ಮ ಬಾರ್ ಬೆಂಡರ್ ಮೊದಲ ದಿನ ನೋಡಿ, "ಇದೇನ್ರೀ ಸಾಹೇಬ್ರ, ಅರಿವಿ ಒಣಹಾಕಿದಂಗ ಕಾಣ್ತದ" ಅಂದಿದ್ದ. ಈಗ ಅವನೇ ಬೇರೆ ಸೈಟಿಗೆ ಹೋದಾಗ ಇಂಥದ್ದು ಯಾಕಿಲ್ಲ ಅಂತ ಕೇಳುತ್ತಾನೆ.

ನೋಡುವ ಹಲಗೆಯದ್ದು ಬೇರೆ ಕಥೆ. 8x4 ಅಡಿಯ ಸೆಂಟ್ರಿಂಗ್ ಪ್ಲೈ (ಕಾಂಕ್ರೀಟ್ ಹಾಕುವಾಗ ಬಳಸುವ ಹಲಗೆ), ಬಿಳಿ ಬಣ್ಣ, ಸ್ವಲ್ಪ ಹಿಂದಕ್ಕೆ ವಾಲಿಸಿ ನಿಲ್ಲಿಸಿದ್ದೇನೆ. ಮೇಲೆ ಎರಡು ಕೊಂಡಿ. ಕ್ಲ್ಯಾಂಪ್ ತಂದು ಸಿಕ್ಕಿಸಿದರೆ ಹಾಳೆ ಹಲಗೆಗೆ ಒರಗಿ ನೆಟ್ಟಗೆ ನಿಲ್ಲುತ್ತದೆ. ಅದರ ಮೇಲೆ ಮೀಟರ್ ಲೆಕ್ಕದಲ್ಲಿ ಸಿಗುವ ದಪ್ಪ ಪಾರದರ್ಶಕ ಟೇಬಲ್ ಶೀಟಿನ ಪರದೆ ಇಳಿಬಿಟ್ಟಿದ್ದೇನೆ. ಸಿಮೆಂಟಿನ ಬೆರಳು ಪ್ಲಾಸ್ಟಿಕ್ ಮೇಲೆ ಓಡಾಡುತ್ತದೆ, ಕಾಗದ ಮುಟ್ಟಲ್ಲ. ಸಂಜೆ ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಹಲಗೆ ಉತ್ತರಕ್ಕೆ ಮುಖ ಮಾಡಬೇಕು. ಹಾಗಿದ್ದರೆ ಬೆಳಕು ಇರುತ್ತದೆ, ಹೊಳಪು ಇರಲ್ಲ. ಆದರೆ ನಮ್ಮ ಊರಲ್ಲಿ ಒಂದು ತಕರಾರು ಇದೆ. ಹುಬ್ಬಳ್ಳಿ 15 ಡಿಗ್ರಿ ಅಕ್ಷಾಂಶದ ಸ್ವಲ್ಪ ಆಚೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಆಗ ಉತ್ತರದ ಹಲಗೆಗೂ ಬಿಸಿಲು ಬೀಳುತ್ತೆ. ಮೇಲೆ ಎರಡಡಿ ತಗಡು ಚಾಚಿಸಿದೆ, ಅದೇ ತಗಡು ಮಳೆಗೂ ಆಯ್ತು.

ಗಾಳಿ ಇನ್ನೊಂದು ಕಾಟ. ಗದಗದ ಕಡೆ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ, ಕಪ್ಪತಗುಡ್ಡದ ಕಡೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ತೂಗುಹಾಕಿದ ಹಾಳೆ ಪಟಪಟ ಬಡಿದು ಕೆಳ ಅಂಚು ಚಿಂದಿಯಾಗುತ್ತೆ. ಅದಕ್ಕೆ ನಾನು ಕಂಡುಕೊಂಡ ಉಪಾಯಕ್ಕೆ ಐವತ್ತು ರೂಪಾಯಿಯೂ ಬೇಕಿಲ್ಲ. ಬರೆದರೆ ಅರ್ಥ ಆಗಲ್ಲ, ಸೈಟಿಗೆ ಬಂದರೆ ತೋರಿಸುತ್ತೇನೆ.

ನಡುವೆ ಫ್ಲೆಕ್ಸ್ ಮೇಲೂ ಪ್ಲಾನ್ ಹೊಡೆಸಿ ನೋಡಿದೆ. ಚದರ ಅಡಿಗೆ ಹತ್ತು ಹನ್ನೆರಡು ರೂಪಾಯಿ, ಮಳೆಗೆ ಹೆದರಿಕೆ ಇಲ್ಲ. ಆದರೆ ಸಣ್ಣ ಗೆರೆ ಒಡೆದು ಚುಕ್ಕಿ ಚುಕ್ಕಿ ಆಗುತ್ತದೆ, ಡೈಮೆನ್ಶನ್ ಓದೋಕೆ ಬರಲ್ಲ. ಆದರೂ ಪೂರ್ತಿ ಬಿಡಲಿಲ್ಲ. ಕಾಲಂ ಲೇಔಟ್ ಒಂದನ್ನೇ ದಪ್ಪ ಗೆರೆ, ದೊಡ್ಡ ಅಂಕಿ ಮಾಡಿಸಿ ಗೇಟಿನ ಹತ್ತಿರ ಫ್ಲೆಕ್ಸ್‌ನಲ್ಲಿ ಕಟ್ಟಿದೆ. ಸಿ12 ಕಾಲಂ ಎಲ್ಲಿ ಅಂತ ಯಾರೂ ನನ್ನನ್ನು ಕೇಳುವುದಿಲ್ಲ. ರಾತ್ರಿ ಗಿಲಾವ್ ಆದ ಗೋಡೆ ಮೇಲೆ ಪ್ರೊಜೆಕ್ಟರ್ ಬಿಟ್ಟೂ ನೋಡಿದೆ. ಸಭೆಗೆ ಚೆಂದ, ಕೆಲಸಕ್ಕೆ ಅಲ್ಲ.

ಮೇಲಿನ ಮಹಡಿಗೆ ಕ್ಲ್ಯಾಂಪನ್ನೇ ಹೆಗಲಿಗೆ ಹಾಕಿಕೊಂಡು ಹೋಗಬಹುದು. ಕೆಲವರು ಎ3 ಕಾಪಿ ಜೇಬಿನಲ್ಲಿ ಇಡುತ್ತಾರೆ. ಎ1 ನಿಂದ ಎ3 ಅಂದರೆ ಉದ್ದ ಅಗಲ ಎರಡೂ ಅರ್ಧ. 1:50 ಸ್ಕೇಲಿನ ಹಾಳೆ 1:100 ಆಗುತ್ತೆ, 2.5 ಎಂಎಂ ಅಕ್ಷರ 1.25 ಆಗುತ್ತೆ. ಮೂಲೆಯಲ್ಲಿ ಮಾತ್ರ 1:50 ಅಂತಲೇ ಬರೆದಿರುತ್ತೆ. ಅದರ ಮೇಲೆ ಸ್ಕೇಲ್ ಇಟ್ಟು ಅಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬರೆದ ಅಂಕಿ ಮಾತ್ರ ನಂಬಬೇಕು.

ಹೊಸ ರಿವಿಜನ್ ಬಂದ ದಿನವೇ ಹಳೇ ಹಾಳೆ ಕ್ಲ್ಯಾಂಪಿನಿಂದ ಹೊರಗೆ. ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ. ಬಿಲ್ ತಕರಾರಿಗೆ ಬೇಕಾಗುತ್ತೆ ಅಂತ ಬಿಸಾಡಲ್ಲ, ಆ ಹಳೇ ಪಿವಿಸಿ ಪೈಪಿಗೆ ಹಾಕಿ ಆಫೀಸಿನಲ್ಲಿ ಬೀಗ ಹಾಕುತ್ತೇನೆ. ಪೈಪಿಗೆ ಅದೇ ಸರಿಯಾದ ಕೆಲಸ.

ಒಟ್ಟು ಖರ್ಚು ನಾಲ್ಕೂವರೆ ಸಾವಿರ ಇರಬೇಕು, ಕೂಲಿ ಸೇರಿ. ಅಲ್ಯೂಮಿನಿಯಂ ಮುಂದಿನ ಸೈಟಿಗೂ ಬರುತ್ತದೆ.

ದೊಡ್ಡ ಹಾಳೆ ಪ್ರಿಂಟ್ ಮಾಡುವ ಪ್ಲಾಟರ್ ಅಂಗಡಿಯಲ್ಲಿ ಎರಡು ಮಾತು ಹೇಳಿ. ಇಂಕ್‌ಜೆಟ್ ಬೇಡ, ಟೋನರ್ ಪ್ರಿಂಟ್ ಕೊಡಿ ಅನ್ನಿ. ಸಾಮಾನ್ಯ ಇಂಕ್ ಒಂದು ಹನಿ ನೀರಿಗೆ ಹರಡುತ್ತದೆ. ಎರಡನೆಯದು, ಅಂಚು ಕತ್ತರಿಸಬೇಡಿ ಅನ್ನಿ. 24 ಇಂಚಿನ ರೋಲ್ ಅಂದರೆ 610 ಎಂಎಂ, ಎ1 ಹಾಳೆಯ ಗಿಡ್ಡ ಬದಿ 594. ಉಳಿಯುವ 16 ಎಂಎಂ ಪೂರ್ತಿ ಮೇಲ್ಗಡೆ ಬರುವ ಹಾಗೆ ಚಿತ್ರವನ್ನು ಕೆಳಗೆ ಸರಿಸಲಿ. ಚೌಕಟ್ಟಿನ ಹೊರಗೆ ಹೇಗೂ 10 ಎಂಎಂ ಖಾಲಿ ಇರುತ್ತದೆ. ಎರಡೂ ಸೇರಿ 26. ಕ್ಲ್ಯಾಂಪಿಗೆ ಬೇಕಾದದ್ದು 25.