ವಿದೇಶದ ಸಿಮ್: ಹೊರಡುವ ಮುನ್ನ ಮಾಡಬೇಕಾದದ್ದು, ಇಳಿದ ಮೇಲಿನ ಹತ್ತು ನಿಮಿಷ

ಧಾರವಾಡದ ನಮ್ಮ ಓಣಿಯಿಂದ ವರ್ಷಕ್ಕೆ ಮೂರೋ ನಾಲ್ಕೋ ದಂಪತಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುತ್ತಾರೆ. ಶೇಂಗಾ ಚಟ್ನಿ, ಸಜ್ಜೆ ರೊಟ್ಟಿ, ಅಂಟಿನ ಉಂಡೆ ಎಲ್ಲವನ್ನೂ ತೂಕ ಮಾಡಿ ಪೆಟ್ಟಿಗೆಗೆ ತುಂಬುವವರು ಫೋನಿನ ವಿಷಯವನ್ನು ಮಾತ್ರ ‘ಅಲ್ಲಿ ಅಳಿಯ ನೋಡಿಕೊಳ್ಳುತ್ತಾನೆ’ ಎಂದು ಬಿಟ್ಟುಬಿಡುತ್ತಾರೆ. ಅಳಿಯ ಸಿಗುವುದು ವಿಮಾನ ನಿಲ್ದಾಣದ ಹೊರಗೆ. ಫೋನ್ ಬೇಕಾಗುವುದು ಒಳಗೆ.

ಪಕ್ಕದ ಮನೆಯ ಕಾಕಾ ವಿಮಾನದಲ್ಲೇ ಊರಿನ ಸಿಮ್ ತೆಗೆದು, ಕಾಗದದ ಕರವಸ್ತ್ರದಲ್ಲಿ ಸುತ್ತಿ ಊಟದ ತಟ್ಟೆಯ ಅಂಚಿನಲ್ಲಿಟ್ಟರು. ತಟ್ಟೆಯ ಜೊತೆ ಸಿಮ್ ಕೂಡ ಹೋಯಿತು. ಮುಂದಿನ ಐದು ತಿಂಗಳು ಬ್ಯಾಂಕಿನ ಒಂದೇ ಒಂದು ಓಟಿಪಿ ಅವರಿಗೆ ಬರಲಿಲ್ಲ. ಬದಲಿ ಸಿಮ್ ಪಡೆಯಬೇಕೆಂದರೆ ಗುರುತಿನ ಚೀಟಿ ಹಿಡಿದು ಅವರೇ ಇಲ್ಲಿಗೆ ಬರಬೇಕಿತ್ತು. ಇಂಥದ್ದನ್ನು ಮತ್ತೆ ಮತ್ತೆ ಕಂಡು ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಫೋನನ್ನು ಪರೀಕ್ಷಿಸಿ

‘ಕಳೆದುಹೋದರೆ ಹೋಗಲಿ’ ಎಂದು ಹಿರಿಯರ ಕೈಗೆ ಮನೆಯ ಹಳೆಯ ಫೋನ್ ಕೊಟ್ಟು ಕಳುಹಿಸುವ ರೂಢಿ ತಪ್ಪು. ಅಮೆರಿಕದ ದೊಡ್ಡ ಕಂಪನಿಗಳು 2022ರ ಹೊತ್ತಿಗೆ 3ಜಿ ಜಾಲವನ್ನು ಮುಚ್ಚಿವೆ. 4ಜಿಯಲ್ಲೇ ಮಾತು ಸಾಗಿಸುವ ವೋಲ್ಟಿ ಸೌಲಭ್ಯವಿಲ್ಲದ ಫೋನಿನಿಂದ ಅಲ್ಲಿ ಕರೆ ಹೋಗುವುದಿಲ್ಲ. ಮನೆಯಲ್ಲಿರುವ ಒಳ್ಳೆಯ ಫೋನ್, ಎರಡು ಸಿಮ್ ಹಿಡಿಯುವಂಥದ್ದು, ಪ್ರಯಾಣಿಕರ ಜೊತೆ ಹೋಗಲಿ. *#06# ಒತ್ತಿದಾಗ ಫೋನಿನ ಗುರುತಾದ ಐಎಂಇಐ ಸಂಖ್ಯೆಗಳ ಜೊತೆಗೆ ‘ಇಐಡಿ’ ಎಂಬ ಉದ್ದನೆಯ ಸಂಖ್ಯೆಯೂ ಕಂಡರೆ ಆ ಫೋನಿನಲ್ಲಿ ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ನಡೆಯುತ್ತದೆ.

2. ಊರಿನ ಸಿಮ್ ತೆಗೆಯಬೇಡಿ

ಅದು ತನ್ನ ಜಾಗದಲ್ಲೇ ಇರಲಿ. ಬ್ಯಾಂಕು, ಯುಪಿಐ, ಆಧಾರ್ ಎಲ್ಲವೂ ಆ ಸಂಖ್ಯೆಗೇ ಜೋಡಣೆಯಾಗಿವೆ. ಹೊರಡುವ ವಾರ ಮುಂಚೆ ನಿಮ್ಮ ಮೊಬೈಲ್ ಕಂಪನಿಗೆ ಹೇಳಿ ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನು, ಅಂದರೆ ಒಂದು ದೇಶದ ಸಿಮ್ ಇನ್ನೊಂದು ದೇಶದ ಜಾಲದಲ್ಲಿ ನಡೆಯುವ ವ್ಯವಸ್ಥೆಯನ್ನು, ಆರಂಭಿಸಿಕೊಳ್ಳಿ. ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ಹಣ ಹಿಡಿಯುವುದಿಲ್ಲ. ನಿಮ್ಮ ಯೋಜನೆಯಲ್ಲಿ ಹೇಗಿದೆ ಎಂದು ಅದೇ ಕರೆಯಲ್ಲಿ ಕೇಳಿಬಿಡಿ. ಬರುವ ಕರೆಗಳನ್ನು ಎತ್ತಿದರೆ ಮಾತ್ರ ದುಬಾರಿ. ಆರು ತಿಂಗಳು ಇರುವವರು 28 ದಿನಗಳ ರೀಚಾರ್ಜ್ ಮಾಡಿಸಿ ಹೋಗುವುದನ್ನು ನೋಡಿದ್ದೇನೆ. ಅವಧಿ ಮುಗಿದ ಮೇಲೆ ಎಸ್ಸೆಮ್ಮೆಸ್ ಕೂಡ ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ಸಂಖ್ಯೆಯೇ ಕೈತಪ್ಪಬಹುದು. ವರ್ಷದ ಯೋಜನೆಯನ್ನೇ ಹಾಕಿಸಿ.

3. ಕೊಳ್ಳುವುದು

ತಿಂಗಳಿಗಿಂತ ಹೆಚ್ಚು ಒಂದೇ ದೇಶದಲ್ಲಿ ಇರುವವರಿಗೆ ಆ ದೇಶದ ಸ್ಥಳೀಯ ಪ್ರೀಪೇಯ್ಡ್ ಸಿಮ್ಮೇ ಸರಿ. ಅಲ್ಲಿರುವ ಮಕ್ಕಳು ಕೊಂಡಿಟ್ಟಿರಲಿ. ಬಂದಿಳಿಯುವ ದಿನದ ಮಟ್ಟಿಗೆ ಇಲ್ಲಿಂದಲೇ ಒಂದು ಸಣ್ಣ ರೋಮಿಂಗ್ ಪ್ಯಾಕ್ ಸಾಕು. ಹತ್ತು ಹದಿನೈದು ದಿನಗಳ ಪ್ರವಾಸಕ್ಕಾದರೆ ಇಲ್ಲೇ ಪ್ರವಾಸಿ ಸಿಮ್ ಅಥವಾ ಇ-ಸಿಮ್ ಕೊಳ್ಳಿ. ಪಾಸ್‌ಪೋರ್ಟ್, ವೀಸಾ, ಟಿಕೆಟಿನ ಪ್ರತಿ ಕೇಳುತ್ತಾರೆ, ಕೊಡಿ. ಏನನ್ನೂ ಕೇಳದೆ ಕೈಗಿಡುವವರಿಂದ ಕೊಳ್ಳಬೇಡಿ. 2024ರ ಜನವರಿಯಲ್ಲಿ ಏರಾಲೋ, ಹೋಲಾಫ್ಲೈ ಎಂಬ ಎರಡು ಇ-ಸಿಮ್ ಆ್ಯಪ್‌ಗಳನ್ನು, ಅಗತ್ಯ ಅನುಮತಿಯಿಲ್ಲದ ಕಾರಣಕ್ಕೆ, ಸರ್ಕಾರ ಭಾರತದ ಆ್ಯಪ್ ಸ್ಟೋರ್‌ಗಳಿಂದ ತೆಗೆಸಿತ್ತು. ಹಜ್, ಉಮ್ರಾಗೆ ಹೋಗುವವರು ಸೌದಿಯ ಸಿಮ್ ಅಲ್ಲೇ ಕೊಳ್ಳುವುದಾದರೆ ಬೆರಳಚ್ಚು ಕೊಡಬೇಕಾಗುತ್ತದೆ. ಗುಂಪಿನ ಜೊತೆಗಿರುವಾಗಲೇ ಆ ಕೆಲಸ ಮುಗಿಸಿಕೊಳ್ಳಿ. ಕಾಶಿಯಿಂದ ಮುಂದೆ ಪಶುಪತಿನಾಥ, ಮುಕ್ತಿನಾಥಕ್ಕೆ ಹೋಗುವವರೂ ನೆನಪಿಡಿ: ಪಾಸ್‌ಪೋರ್ಟ್ ಬೇಕಿಲ್ಲದಿದ್ದರೂ ಫೋನಿನ ಲೆಕ್ಕದಲ್ಲಿ ನೇಪಾಳವೂ ವಿದೇಶ.

‘ಯುರೋಪ್ ಸಿಮ್’ ಎಂಬ ಮಾತನ್ನು ನಂಬಿ ನಾನು ಒಮ್ಮೆ ಮೋಸಹೋದೆ. ಫ್ರಾನ್ಸಿನಲ್ಲಿ ಚೆನ್ನಾಗಿ ನಡೆದ ಕಾರ್ಡು ಸ್ವಿಟ್ಜರ್ಲೆಂಡಿನ ಗಡಿ ದಾಟಿದ ಕೂಡಲೇ ಸತ್ತಿತು. 2017ರಿಂದ ಐರೋಪ್ಯ ಒಕ್ಕೂಟದ ಒಳಗೆ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲ ಎಂಬುದು ನಿಜ. ಆದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ, ಬ್ರಿಟನ್ ಹೊರಬಂದಿದೆ. ನಮ್ಮ ಕಡೆಯ ಪ್ಯಾಕೇಜ್ ಪ್ರವಾಸಗಳಲ್ಲಿ ಸ್ವಿಟ್ಜರ್ಲೆಂಡ್ ತಪ್ಪುವುದೇ ಇಲ್ಲ. ಕಾರ್ಡಿನ ಲಕೋಟೆಯ ಮೇಲೆ ಪ್ರತಿ ದೇಶದ ಹೆಸರನ್ನೂ ಬೆರಳಿಟ್ಟು ಓದಿಯೇ ಹಣ ಕೊಡಿ. ‘ಅನಿಯಮಿತ’ ಎಂದು ಮಾರುವ ಪ್ಯಾಕ್‌ಗಳಲ್ಲಿ ದಿನಕ್ಕೆ ಇಷ್ಟು ಎಂಬ ಮಿತಿ ಸಣ್ಣ ಅಕ್ಷರದಲ್ಲಿರುತ್ತದೆ. ಅದು ಮುಗಿದ ಮೇಲೆ ನಕಾಶೆ ಕೂಡ ತೆರೆಯದಷ್ಟು ವೇಗ ಕುಸಿಯುತ್ತದೆ. ಕೆಲವು ಕಾರ್ಡುಗಳಲ್ಲಿ ಡೇಟಾ ಮಾತ್ರ, ಕರೆ ಇಲ್ಲ. ಜಪಾನಿನ ಪ್ರವಾಸಿ ಸಿಮ್‌ಗಳು ಬಹುಪಾಲು ಇಂಥವೇ.

4. ಹಾಕುವುದು

ಸಿಮ್ ಆದರೆ ಎರಡನೆಯ ಜಾಗಕ್ಕೆ, ಮನೆಯ ಮೇಜಿನ ಮೇಲೆ, ಬೆಳಕಿನಲ್ಲಿ. ಇ-ಸಿಮ್ ಆದರೆ ಮನೆಯ ವೈಫೈ ಇರುವಾಗಲೇ ಕ್ಯೂಆರ್ ಕೋಡ್ ಹಿಡಿಸಿ. ಕೋಡು ಅದೇ ಫೋನಿಗೆ ಬಂದಿದ್ದರೆ ಕ್ಯಾಮೆರಾ ಎದುರು ಹಿಡಿಯಲಾಗದು, ಕಾಗದಕ್ಕೆ ಮುದ್ರಿಸಿಕೊಳ್ಳಿ. ಬಹಳಷ್ಟು ಕೋಡುಗಳು ಒಂದೇ ಸಲ ಕೆಲಸ ಮಾಡುತ್ತವೆ. ‘ಸರಿಯಾಗಲಿಲ್ಲ’ ಎಂದು ಇ-ಸಿಮ್ ಅಳಿಸಿದರೆ ಹಣ ಹೋದಂತೆಯೇ.

5. ಎಲ್ಲರೂ ಎಡವುವ ಜಾಗ

ಇಳಿದ ಮೇಲೆ ಇಂಟರ್‌ನೆಟ್ ಬರಲಿಲ್ಲ ಎಂದು ನನಗೆ ಬಂದಿರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ. ‘ವಿದೇಶದಲ್ಲಿ ರೋಮಿಂಗ್ ಆಫ್ ಮಾಡಿಡು’ ಎಂದು ಎಲ್ಲರೂ ಹೇಳಿ ಕಳುಹಿಸಿರುತ್ತಾರೆ. ಪ್ರಯಾಣಿಕರು ಎರಡೂ ಸಿಮ್‌ಗಳಲ್ಲಿ ಆಫ್ ಮಾಡಿಬಿಡುತ್ತಾರೆ. ಇಲ್ಲಿ ಮಾರುವ ಪ್ರವಾಸಿ ಸಿಮ್‌ಗಳಲ್ಲಿ ಬಹಳಷ್ಟು ಮೂರನೆಯ ದೇಶದವು. ಅಮೆರಿಕದಲ್ಲಿ ಬಳಸುವ ಕಾರ್ಡು ಹಾಂಗ್‌ಕಾಂಗಿನದೋ ಬ್ರಿಟನ್ನಿನದೋ ಆಗಿರಬಹುದು. ಅದಕ್ಕೆ ಅಮೆರಿಕವೂ ಪರದೇಶವೇ. ರೋಮಿಂಗ್ ಆಫ್ ಮಾಡಿದರೆ ಅದು ಒಂದು ಹನಿ ಡೇಟಾವನ್ನೂ ತರಲಾರದು.

ಆದ್ದರಿಂದ ಮನೆಯಲ್ಲೇ ಎರಡು ಸಿಮ್‌ಗಳಿಗೂ ಫೋನಿನಲ್ಲಿ ಹೆಸರು ಕೊಡಿ: ಒಂದಕ್ಕೆ ‘ಮನೆ’, ಇನ್ನೊಂದಕ್ಕೆ ‘ಪ್ರವಾಸ’. ‘ಮನೆ’ಯ ಡೇಟಾ ರೋಮಿಂಗ್ ಇಲ್ಲೇ ಆಫ್ ಮಾಡಿಡಿ. (ರೋಮಿಂಗ್ ಪ್ಯಾಕ್ ಹಾಕಿಸಿಕೊಂಡವರು ಮಾತ್ರ ಅದರ ಅವಧಿ ಇರುವಷ್ಟು ಹೊತ್ತು ಅದನ್ನು ತೆರೆದಿಡಬೇಕು.) ಡೇಟಾ ರೋಮಿಂಗ್ ಆಫ್ ಮಾಡುವುದಕ್ಕೂ ರೋಮಿಂಗ್ ಸೇವೆಯನ್ನೇ ನಿಲ್ಲಿಸುವುದಕ್ಕೂ ವ್ಯತ್ಯಾಸವಿದೆ, ಸೇವೆ ಇದ್ದರೆ ಮಾತ್ರ ಓಟಿಪಿ ಬರುತ್ತದೆ.

ಇಳಿದ ಮೇಲೆ ಏರೋಪ್ಲೇನ್ ಮೋಡ್ ತೆಗೆದು ಐದು ನಿಮಿಷ ಸುಮ್ಮನೆ ಕಾಯಿರಿ. ಆಮೇಲೆ ಮೊಬೈಲ್ ಡೇಟಾಕ್ಕೆ ‘ಪ್ರವಾಸ’ವನ್ನು ಆಯ್ಕೆ ಮಾಡಿ, ಅದರ ಡೇಟಾ ರೋಮಿಂಗ್ ತೆರೆಯಿರಿ. ಅದೇ ಪುಟದಲ್ಲಿ ‘ಡೇಟಾ ಸ್ವಿಚಿಂಗ್’ ಎಂಬ ಇನ್ನೊಂದು ಗುಂಡಿ ಇರುತ್ತದೆ. ಒಂದು ಸಿಮ್ ಮಂದವಾದಾಗ ಇನ್ನೊಂದಕ್ಕೆ ತಾನೇ ಜಿಗಿಯುವ ವ್ಯವಸ್ಥೆ ಅದು. ಅದನ್ನು ಆಫ್ ಮಾಡಲೇಬೇಕು. ಊರಿನ ಸಿಮ್ ಮೇಲೆ ಸಾವಿರಾರು ರೂಪಾಯಿ ಬಿದ್ದ ಒಂದು ಮನೆಯಲ್ಲಿ ನಾನು ಕುಳಿತು ಹುಡುಕಿದಾಗ ಸಿಕ್ಕ ತಪ್ಪು ಇದೇ.

ನೆಟ್‌ವರ್ಕಿನ ಕಡ್ಡಿಗಳು ಪೂರ್ತಿ ಇದ್ದೂ ಇಂಟರ್‌ನೆಟ್ ಬರದಿದ್ದರೆ ಒಮ್ಮೆ ಫೋನ್ ಆರಿಸಿ ಹಚ್ಚಿ. ಆಗಲೂ ಬರದಿದ್ದರೆ ಎಪಿಎನ್ ನೋಡಬೇಕು. ಯಾವ ದ್ವಾರದಿಂದ ಇಂಟರ್‌ನೆಟ್‌ಗೆ ಹೋಗಬೇಕೆಂದು ಫೋನಿಗೆ ಹೇಳುವ ಹೆಸರು ಅದು. ಸಿಮ್ ಬಂದ ಲಕೋಟೆಯ ಮೇಲೆ ಅಚ್ಚಾಗಿರುತ್ತದೆ. ಲಕೋಟೆಯನ್ನು ಕಸಕ್ಕೆ ಹಾಕದಿರಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ನಡುವೆ ಜಾಗ ಬಿಡದೆ ಇದ್ದ ಹಾಗೆಯೇ ಬರೆದು, ‘ಸೇವ್’ ಒತ್ತಿ, ಪಟ್ಟಿಗೆ ಮರಳಿ ಆ ಹೊಸ ಹೆಸರಿನ ಪಕ್ಕದ ವೃತ್ತವನ್ನು ಮುಟ್ಟಬೇಕು. ಬರೆದು ಸೇವ್ ಮಾಡಿದವರೂ ವೃತ್ತ ಮುಟ್ಟುವುದನ್ನು ಮರೆತು ಒದ್ದಾಡುತ್ತಾರೆ.

ಕೆಲವು ಸಿಮ್‌ಗಳು ಹಾಕಿದೊಡನೆ ಪಿನ್ ಕೇಳುತ್ತವೆ. ಅದೂ ಲಕೋಟೆಯಲ್ಲೇ ಇದೆ. ಊಹಿಸಿ ಒತ್ತಬೇಡಿ, ಮೂರು ಸಲ ತಪ್ಪಿದರೆ ಪಿಯುಕೆ ಎಂಬ ಬೀಗ ತೆರೆಯುವ ಸಂಖ್ಯೆ ಕೇಳುತ್ತದೆ, ಅದನ್ನು ಹತ್ತು ಸಲ ತಪ್ಪಿದರೆ ಸಿಮ್ ಶಾಶ್ವತವಾಗಿ ಮುಚ್ಚುತ್ತದೆ.

ದೋಹಾ ಅಥವಾ ದುಬೈಯಲ್ಲಿ ವಿಮಾನ ಬದಲಿಸುವಾಗ ಅಮೆರಿಕದ ಸಿಮ್ ಸುಮ್ಮನಿದ್ದರೆ ಗಾಬರಿಯಾಗದಿರಿ, ಅದರ ದೇಶ ಇನ್ನೂ ಬಂದಿಲ್ಲ. ಅಲ್ಲಿ ನಿಲ್ದಾಣದ ವೈಫೈ ಸಾಕು. ವಿಮಾನದೊಳಗೆ ಮಾತ್ರ ಏರೋಪ್ಲೇನ್ ಮೋಡ್ ಬಿಡಲೇಬೇಡಿ, ಕೆಲವು ವಿಮಾನಗಳಲ್ಲಿ ಒಳಗೇ ಇರುವ ನೆಟ್‌ವರ್ಕಿನ ದರ ಬಹಳ ಹೆಚ್ಚು.

6. ವಾಟ್ಸ್‌ಆ್ಯಪ್ ಮತ್ತು ಸಂಖ್ಯೆಗಳು

ಸಂಖ್ಯೆ ಬದಲಿಸಬೇಕೇ ಎಂದು ವಾಟ್ಸ್‌ಆ್ಯಪ್ ಕೇಳಿದರೆ ಬೇಡ ಎನ್ನಿ. ಊರಿನ ಸಂಖ್ಯೆಯಲ್ಲೇ ಅದು ಹೊಸ ಸಿಮ್ಮಿನ ಡೇಟಾ ಬಳಸಿ ನಡೆಯುತ್ತದೆ. ದುಬೈಗೆ ಹೋಗುವವರು ಮನೆಯವರಿಗೆ ಮೊದಲೇ ಹೇಳಿಡಿ: ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆಗೆ ಅಲ್ಲಿ ನಿರ್ಬಂಧವಿದೆ. ಫೋನಿನಲ್ಲಿರುವ ಎಲ್ಲ ಸಂಖ್ಯೆಗಳನ್ನೂ +91 ಸೇರಿಸಿ ಬರೆದಿಡಿ. ಹುಬ್ಬಳ್ಳಿ-ಧಾರವಾಡದ ಸ್ಥಿರ ದೂರವಾಣಿಯಾದರೆ 0836ರ ಸೊನ್ನೆ ಬಿಟ್ಟು +91 836. ಮಗಳ ಸಂಖ್ಯೆಯನ್ನು ಒಂದು ಚೀಟಿಯಲ್ಲೂ ಬರೆದು ಪಾಸ್‌ಪೋರ್ಟಿನಲ್ಲಿಡಿ, ಫೋನಿನ ಚಾರ್ಜ್ ಮುಗಿದಾಗ ಬೇಕಾಗುತ್ತದೆ.

ಈ ಮೇಜಿನ ಕೆಲಸವನ್ನು ಬೆಂಗಳೂರಿನ ರೈಲು ಹತ್ತುವ ಹಿಂದಿನ ರಾತ್ರಿಗೆ ಇಡದೆ ವಾರ ಮುಂಚೆ ಮಾಡಿ, ಪ್ರಯಾಣ ಮಾಡುವವರ ಕೈಯಿಂದಲೇ ಎರಡು ಸಲ ಮಾಡಿಸಿ. ಮಗ ಮಾಡಿಕೊಟ್ಟರೆ ತಾಯಿಗೆ ಅದು ಬಂದಂತಾಗುವುದಿಲ್ಲ.

ವಾಪಸು ಬೆಂಗಳೂರಿಗೆ ಇಳಿದಾಗ ಮೊಬೈಲ್ ಡೇಟಾವನ್ನು ‘ಮನೆ’ಗೆ ತಿರುಗಿಸಿ. ವಿದೇಶದ ಸಿಮ್‌ಗೆ ಬ್ಯಾಂಕ್ ಕಾರ್ಡ್ ಜೋಡಿಸಿದ್ದರೆ ತಿಂಗಳು ತಿಂಗಳು ತಾನೇ ಆಗುವ ರೀಚಾರ್ಜನ್ನು ಅದೇ ದಿನ ನಿಲ್ಲಿಸಿ, ಇ-ಸಿಮ್ ಅಳಿಸುವುದು ಅದಾದ ಮೇಲೆ.