ಮನೆ ಮಾರುವಾಗ ಸಣ್ಣಪುಟ್ಟ ದೋಷಗಳನ್ನು ಹೇಳುವುದು ಹೇಗೆ?

ಬೆಂಗಳೂರಿನಲ್ಲಿ ಹಳೇ ಮನೆ ಮಾರಲು ಹೊರಟವರು ಮೊದಲು ಕರೆಸುವುದು ಪೇಂಟರ್‌ನನ್ನು. ತೇವ ಹಿಡಿದ ಗೋಡೆಗೆ ಎರಡು ಕೋಟು ಬಣ್ಣ, ಬಾತ್‌ರೂಮಿಗೆ ಫಿನಾಯಿಲ್, ನೋಡಲು ಬರುವವರು ಗೇಟು ತೆಗೆಯುವ ಹೊತ್ತಿಗೆ ಹಾಲ್‌ನಲ್ಲಿ ಊದುಬತ್ತಿ. ಮೊದಲ ಜೋರು ಮಳೆಗೆ ಗೋಡೆ ಮತ್ತೆ ಒದ್ದೆಯಾಗುತ್ತದೆ, ಕೊಂಡವರು ಫೋನ್ ಮಾಡುತ್ತಾರೆ, ಜಗಳ ಶುರು. ಬನಶಂಕರಿಯಲ್ಲೂ ಇದೇ ಕಥೆ, ಮಲ್ಲೇಶ್ವರದಲ್ಲೂ ಇದೇ ಕಥೆ. ಸಣ್ಣ ದೋಷಗಳನ್ನು ಹೇಳಬೇಕಾ ಎಂದು ಕೇಳಿದರೆ ಹೇಳಲೇಬೇಕು ಅನ್ನುತ್ತೇನೆ. ಯಾವಾಗ, ಹೇಗೆ ಎನ್ನುವಲ್ಲಿ ಜನ ಎಡವುತ್ತಾರೆ.

ಹೆಜ್ಜೆ 1: ಪಟ್ಟಿ ಮಾಡಿ

ಮಳೆ ಬಂದ ಮರುದಿನ ಟಾರ್ಚ್ ಹಿಡಿದು ತಾರಸಿಯಿಂದ ಸಂಪಿನವರೆಗೆ ಒಂದು ಸುತ್ತು ಹಾಕಿ. ಕಂಡಿದ್ದನ್ನೆಲ್ಲ ಬರೆದುಕೊಳ್ಳಿ.

ಹೆಜ್ಜೆ 2: ಪಟ್ಟಿಯನ್ನು ಬೇರ್ಪಡಿಸಿ

ಸೀಳಿದ ಟೈಲ್ಸ್, ಕಿರುಗುಟ್ಟುವ ಬಾಗಿಲು, ಮಂಕಾದ ಬಣ್ಣ. ಇವು ಬಂದವರ ಕಣ್ಣಿಗೆ ತಾವೇ ಬೀಳುತ್ತವೆ. ಕೇಳಿದರೆ ಹೇಳಿ, ಕೇಳದಿದ್ದರೆ ನೀವಾಗಿ ಪ್ರದರ್ಶನ ಮಾಡಬೇಕಿಲ್ಲ. ಖಾತಾ, ಸಾಲ, ಪಾಲುದಾರರ ತಕರಾರು ಇದ್ದರೆ ಅದು ಸಣ್ಣ ದೋಷ ಅಲ್ಲವೇ ಅಲ್ಲ, ನೇರ ವಕೀಲರ ಹತ್ತಿರ ಹೋಗಿ.

ಉಳಿಯುವುದು ನಿಮಗೆ ಗೊತ್ತಿರುವ, ಕೊಳ್ಳುವವರಿಗೆ ಕಾಣದ ಸಂಗತಿಗಳು. ಮೇಲಿನ ಫ್ಲಾಟಿನ ಬಾತ್‌ರೂಮಿಂದ ಜಿನುಗುವ ನೀರು. ವಾರ್ಡ್‌ರೋಬ್ ಹಿಂದಿನ ಗೆದ್ದಲು. ಏಪ್ರಿಲ್ ಬಂದರೆ ಕೈಕೊಡುವ ಬೋರ್‌ವೆಲ್. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಮಾತಾಡುವುದು ಇಂಥವುಗಳ ಬಗ್ಗೆಯೇ. ಮಾರುವವನಿಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಗೊತ್ತಾಗದ ಮಹತ್ವದ ದೋಷವನ್ನು ಮಾರುವವನು ಹೇಳಬೇಕು. ಹೇಳದಿದ್ದರೆ ಅದು ವಂಚನೆ. ಸಣ್ಣ ದೋಷ ಯಾವುದು, ಮಹತ್ವದ್ದು ಯಾವುದು? ಜಗಳ ಕೋರ್ಟಿಗೆ ಹೋದರೆ ಅದನ್ನು ತೀರ್ಮಾನಿಸುವವರು ನೀವಲ್ಲ. ಹಾಗಾಗಿ ಅನುಮಾನ ಇದ್ದದ್ದನ್ನು ಹೇಳುವ ಪಟ್ಟಿಗೇ ಸೇರಿಸಿ.

ಹೆಜ್ಜೆ 3: ಪೇಂಟರ್‌ನನ್ನು ವಾಪಸ್ ಕಳಿಸಿ

ಕಾಣುವ ಕಲೆಯ ಬಗ್ಗೆ ನೀವು ಸುಮ್ಮನಿದ್ದರೆ ಕೊಂಡವರೇ ನೋಡಿಕೊಳ್ಳಬೇಕಿತ್ತು ಎಂದು ವಾದಿಸಬಹುದು. ಅದರ ಮೇಲೆ ಬಣ್ಣ ಬಳಿದ ದಿನ ಆ ವಾದ ಹೋಯಿತು. ಕಾಣುತ್ತಿದ್ದ ದೋಷವನ್ನು ನೀವೇ ಮುಚ್ಚಿದಿರಿ. ಒಂದು ಸಂಗತಿಯನ್ನು ಬೇಕೆಂದೇ ಮರೆಮಾಡುವುದನ್ನು 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ ವಂಚನೆಯ ಸಾಲಿಗೆ ಸೇರಿಸುತ್ತದೆ. ಇನ್ನು ಒದ್ದೆ ಗೋಡೆಯ ಮೇಲೆ ಬಳಿಯುವ ‘ಡ್ಯಾಂಪ್ ಪ್ರೂಫ್’ ಡಬ್ಬಗಳು. ನೀರಿನ ಮೂಲ ನಿಲ್ಲಿಸದೆ ಹಚ್ಚಿದರೆ ಉಬ್ಬಿ, ಹೊಪ್ಪಳೆ ಎದ್ದು, ಚೂರು ಚೂರಾಗಿ ಉದುರುತ್ತವೆ. ಸುಮ್ನೆ ದುಡ್ಡು ದಂಡ.

ಹೆಜ್ಜೆ 4: ಹೇಳಿ

ಎಲ್ಲ ಕೆಡುವುದು ಇಲ್ಲೇ. ಕೆಲವರು ಮೊದಲ ಫೋನಿನಲ್ಲೇ ಸೋರುವ ವಿಷಯ ತೆಗೆದು ಗಿರಾಕಿಯನ್ನು ಓಡಿಸುತ್ತಾರೆ. ಇನ್ನು ಕೆಲವರು ಟೋಕನ್ ಅಡ್ವಾನ್ಸ್ ಜೇಬಿಗೆ ಬಿದ್ದ ಮೇಲೆ ಹೇಳುತ್ತಾರೆ. ಅದು ಹೇಳದೇ ಇರುವುದಕ್ಕಿಂತ ಕೆಟ್ಟದಾಗಿ ಕೇಳಿಸುತ್ತದೆ. ಸರಿಯಾದ ಹೊತ್ತು ಎರಡನೇ ಭೇಟಿ. ಮನೆ ಹಿಡಿಸಿರುತ್ತದೆ, ಹಣ ಕೈ ಬದಲಾಗಿರುವುದಿಲ್ಲ. ಮನೆಯ ಹಿರಿಯರೂ ಬರುವುದು ಸಾಮಾನ್ಯವಾಗಿ ಆಗಲೇ.

ದೋಷ ಇರುವ ಜಾಗದಲ್ಲೇ ನಿಂತು ಹೇಳಿ. ಸೋಫಾದಲ್ಲಿ ಕೂತು, ಕಾಫಿ ಕೊಟ್ಟು, ಪೀಠಿಕೆ ಹಾಕಿದರೆ ಸಣ್ಣ ಬಿರುಕೂ ಭೂತವಾಗುತ್ತದೆ. ಹೀಗೆ ಹೇಳಿದರೆ ಸಾಕು:

“ಸಾರ್, ಈ ಗೋಡೆ ನೋಡಿ. ಮಳೆಗಾಲದಲ್ಲಿ ಇಲ್ಲಿ ತೇವ ಬರುತ್ತೆ. ಮೇಲೆ ಪ್ಯಾರಾಪೆಟ್ ಪಕ್ಕ ನೀರು ನಿಲ್ಲುತ್ತಿತ್ತು. ಹೋದ ವರ್ಷ ವಾಟರ್‌ಪ್ರೂಫಿಂಗ್ ಮಾಡಿಸಿದ್ವಿ, ಬಿಲ್ ಇದೆ. ಕಡಿಮೆ ಆಗಿದೆ, ಪೂರ್ತಿ ನಿಂತಿಲ್ಲ.”

ಎಲ್ಲಿ, ಯಾವಾಗ, ಏನು ಮಾಡಿಸಿದಿರಿ, ಈಗ ಹೇಗಿದೆ. ಅಷ್ಟು ಹೇಳಿ ಬಾಯಿ ಮುಚ್ಚಿ. “ಎಲ್ಲರ ಮನೇಲೂ ಇರೋದೇ ಅಲ್ವಾ” ಅನ್ನಬೇಡಿ, ಹಾಗೆಂದ ಕೂಡಲೇ ಎದುರಿನವರಿಗೆ ಅನುಮಾನ ಜಾಸ್ತಿ ಆಗುತ್ತದೆ. ಕಾರಣ ಖಚಿತವಾಗಿ ಗೊತ್ತಿಲ್ಲದಿದ್ದರೆ ಊಹೆ ಮಾಡಿ ಹೇಳಬೇಡಿ. ಪ್ಲಂಬರ್ ಹೇಳಿದ್ದಾದರೆ ಪ್ಲಂಬರ್ ಹೇಳಿದ್ದು ಅನ್ನಿ.

ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿರಿ. ಒಬ್ಬರು “ಏನೂ ತೊಂದರೆ ಇಲ್ಲ” ಅನ್ನುವಾಗ ಇನ್ನೊಬ್ಬರು ಅಡುಗೆಮನೆಯಿಂದ “ಆ ಸಿಂಕ್ ಕಟ್ಟಿಕೊಳ್ಳುತ್ತಲ್ರೀ” ಎಂದರೆ ಮುಗಿಯಿತು. ಈ ಕೆಲಸವನ್ನು ಬ್ರೋಕರ್‌ಗೂ ಬಿಡಬೇಡಿ. ಅವರ ಬಾಯಲ್ಲಿ ಎಲ್ಲ ಮನೆಯೂ ಫಸ್ಟ್ ಕ್ಲಾಸ್.

ನೀರಿನ ವಿಷಯವನ್ನಂತೂ ಅವರು ಕೇಳುವ ಮೊದಲೇ ತೆಗೆಯಿರಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಊರೆಲ್ಲ ಟ್ಯಾಂಕರ್ ಹಿಂದೆ ಓಡಿದ ಮೇಲೆ ಇಲ್ಲಿ ಮನೆ ಕೊಳ್ಳುವವರು ನೀರಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ಕಾವೇರಿ ನೀರು ಯಾವ ದಿನ, ಎಷ್ಟು ಹೊತ್ತು ಬರುತ್ತದೆ, ಬೇಸಿಗೆಯಲ್ಲಿ ತಿಂಗಳಿಗೆ ಎಷ್ಟು ಟ್ಯಾಂಕರ್ ಬೇಕಾಗುತ್ತದೆ, ಇದ್ದ ಹಾಗೆ ಹೇಳಿ. ಗಿರಾಕಿ ಬರುವ ಬೆಳಿಗ್ಗೆ ಟ್ಯಾಂಕರ್ ತರಿಸಿ ಸಂಪು ತುಂಬಿಸುವವರಿದ್ದಾರೆ. ಪಕ್ಕದ ಮನೆಯವರನ್ನು ಒಂದು ಮಾತು ಕೇಳಿದರೆ ಬಣ್ಣ ಬಯಲು.

ಹೆಜ್ಜೆ 5: ಚೌಕಾಸಿಗೆ ತಯಾರಾಗಿ

ದೋಷ ಹೇಳಿದ ಕೂಡಲೇ “ಹಾಗಾದ್ರೆ ಎರಡು ಲಕ್ಷ ಬಿಡಿ” ಅನ್ನುತ್ತಾರೆ. ಅದಕ್ಕೇ ರಿಪೇರಿಯ ಎಸ್ಟಿಮೇಟ್ ಮೊದಲೇ ಬರೆಸಿಟ್ಟುಕೊಳ್ಳಿ. ರಿಪೇರಿ ಮಾಡಿಸಿಕೊಡಿ, ಇಲ್ಲವೇ ಅಷ್ಟು ದುಡ್ಡು ಕಡಿಮೆ ಮಾಡಿ. ಎರಡನ್ನೂ ಒಟ್ಟಿಗೆ ಒಪ್ಪಬೇಡಿ. ನನ್ನ ಕೇಳಿದರೆ ದುಡ್ಡು ಬಿಡುವುದೇ ಒಳ್ಳೆಯದು. ಮಾರುವ ಅವಸರದಲ್ಲಿ ಮಾಡಿಸಿದ ರಿಪೇರಿ ನೆಟ್ಟಗಿರುವುದಿಲ್ಲ, ಕೆಟ್ಟರೆ ಮಾತು ಮತ್ತೆ ನಿಮ್ಮ ಮೇಲೇ ಬರುತ್ತದೆ.

ಹೆಜ್ಜೆ 6: ಕರಾರಿನಲ್ಲಿ ಬರೆಸಿ

ಬಾಯಲ್ಲಿ ಹೇಳಿದ್ದು ಆರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ. ದೋಷಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ಕ್ರಯದ ಕರಾರಿಗೆ ಲಗತ್ತಿಸಿ, ಇಬ್ಬರೂ ಸಹಿ ಹಾಕಿ. ‘ಮನೆಯನ್ನು ಇರುವ ಸ್ಥಿತಿಯಲ್ಲೇ ಒಪ್ಪಿದ್ದೇವೆ’ ಎಂಬ ಸಿದ್ಧ ಸಾಲನ್ನು ಪತ್ರ ಬರೆಯುವವರು ಹೇಗೂ ಸೇರಿಸುತ್ತಾರೆ, ಸೇರಿಸಲಿ. ಮುಚ್ಚಿಟ್ಟ ದೋಷಕ್ಕೆ ಅದೊಂದೇ ಸಾಲು ಗುರಾಣಿ ಆಗುತ್ತದೆ ಎಂದು ನಂಬಬೇಡಿ.

ಬಿಲ್ಡರ್ ಹಸ್ತಾಂತರಿಸಿ ಇನ್ನೂ ಐದು ವರ್ಷ ತುಂಬದ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಫ್ಲಾಟ್ ಆದರೆ ಇನ್ನೊಂದು ಮಾತು. ಆ ಅವಧಿಯಲ್ಲಿ ಕಂಡ ಕಟ್ಟಡದ ದೋಷ, ಕಳಪೆ ಕೆಲಸವನ್ನು ತಿಳಿಸಿದ 30 ದಿನಗಳೊಳಗೆ ಬಿಲ್ಡರ್ ದುಡ್ಡು ಕೇಳದೆ ಸರಿಪಡಿಸಬೇಕು. ನೀವು ಬಿಲ್ಡರ್‌ಗೆ ಬರೆದ ದೂರಿನ ಪ್ರತಿ, ಸ್ವಾಧೀನ ಪತ್ರ ಎರಡನ್ನೂ ಕೊಳ್ಳುವವರಿಗೆ ಕೊಡಿ. ಆಗ ಅದೇ ದೋಷಕ್ಕೆ ಅವರು ನಿಮ್ಮ ಬೆಲೆ ಇಳಿಸುವುದೂ ತಪ್ಪಬಹುದು.

ಹೆಜ್ಜೆ 7: ಕೀಲಿ ಕೊಡುವ ದಿನ

ವಾಟರ್‌ಪ್ರೂಫಿಂಗ್ ಬಿಲ್, ಮೋಟಾರಿನ ವಾರಂಟಿ ಕಾರ್ಡ್, ಪ್ಲಂಬರ್ ನಂಬರ್ ಒಂದು ಫೈಲಿಗೆ ಹಾಕಿ ಕೊಡಿ. ತಾರಸಿಯ ವಾಲ್ವ್‌ಗಳ ಮೇಲೆ ಕಾವೇರಿ ಯಾವುದು, ಬೋರ್ ಯಾವುದು ಎಂದು ಪೇಂಟಿನಲ್ಲಿ ಬರೆದುಬಿಡಿ. ಇಲ್ಲದಿದ್ದರೆ ಮೊದಲ ವಾರವೇ ಅದಕ್ಕಾಗಿ ಫೋನ್ ಬರುತ್ತದೆ.